ಹನ್ನೆರಡು ತಿಂಗಳ ಕೆಲಸಕ್ಕೆ ಹದಿನೇಳೂವರೆ ತಿಂಗಳು ಕೇಳಿದ ಲೆಕ್ಕ

ಬೇಸ್‌ಮೆಂಟ್, ನೆಲಮಹಡಿ, ಅದರ ಮೇಲೆ ನಾಲ್ಕು. ಮಹಡಿಗೆ ಸುಮಾರು 8,000 ಚದರಡಿ, ಒಟ್ಟು ಆರು ಸ್ಲ್ಯಾಬ್, ಬೆಂಗಳೂರಿನ ಹೊರವಲಯದ ಆಫೀಸ್ ಕಟ್ಟಡ. ಕೊಟೇಶನ್ನಿನಲ್ಲಿ ಉಳಿದ ಕಂಟ್ರಾಕ್ಟರುಗಳೆಲ್ಲ 12 ತಿಂಗಳು ಬರೆದಿದ್ದರು, ನಾನು ಬರೆದದ್ದು 17.5. ‘ವಿಧಾನಸೌಧ ಕಟ್ತೀರಾ?’ ಅಂತ ಕೇಳಿಸಿಕೊಂಡಿದ್ದೂ ಆಯಿತು. ಕೊನೆಗೆ 11 ದಿನ ಉಳಿಸಿಕೊಂಡೇ ಬೀಗದ ಕೈ ಕೊಟ್ಟಿದ್ದೇನೆ. ಕೆಳಗಿನ ಅಂಕಿಗಳು ನೆನಪಿನಿಂದ ಬರೆದವು, ಸ್ವಲ್ಪ ಆಚೀಚೆ ಇರಬಹುದು.

ಮೊದಲು, ಹಳೇ ಸೈಟುಗಳಲ್ಲಿ ಕೈಕೊಟ್ಟ ವಿಧಾನಗಳು. ಎಂಎಸ್ ಪ್ರಾಜೆಕ್ಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ 380 ಸಾಲಿನ ಚಾರ್ಟ್ ಮಾಡಿದ್ದೆ. ಮೂರನೇ ತಿಂಗಳಿಂದ ಯಾರೂ ಅದನ್ನು ಅಪ್‌ಡೇಟ್ ಮಾಡಲಿಲ್ಲ, ಗೋಡೆ ಮೇಲೆ ಚಂದ ಕಾಣುತ್ತಿತ್ತು ಅಷ್ಟೇ. ಆಮೇಲೆ ಪ್ರತಿ ಕೆಲಸಕ್ಕೂ ಶೇ 10 ಹೆಚ್ಚುವರಿ ದಿನ ಸೇರಿಸಿ ನೋಡಿದೆ. ಅದು ಇನ್ನೂ ಕೆಟ್ಟದ್ದು. ಹತ್ತು ದಿನದ ಕೆಲಸಕ್ಕೆ ಹನ್ನೊಂದು ಇದೆ ಅಂತ ಮೇಸ್ತ್ರಿಗೆ ಗೊತ್ತಾದರೆ ಹನ್ನೊಂದೂ ಮುಗಿದ ಮೇಲೇ ಅವನು ಕೈ ತೊಳೆಯುವುದು. ಆ ಕೆಲಸ ಆರು ವಾರ ತಡವಾಯಿತು. ಒಪ್ಪಂದದಲ್ಲಿ ವಾರಕ್ಕೆ ಅರ್ಧ ಪರ್ಸೆಂಟ್ ದಂಡ ಇತ್ತು. 9 ಕೋಟಿಗೆ ಶೇ 3 ಅಂದರೆ 27 ಲಕ್ಷ.

ಈಗ ನಾನು ಮಾಡುವುದರಲ್ಲಿ ಮೊದಲನೆಯದು: ಕೆಲಸಕ್ಕೆ ಬೇಕಾದ ದಿನ ಮಾತ್ರ ಬರೆಯುತ್ತೇನೆ, ಹೆಚ್ಚುವರಿಯನ್ನೆಲ್ಲ ಕೊನೆಯಲ್ಲಿ ಒಂದೇ ಗಂಟಾಗಿ ಇಡುತ್ತೇನೆ. ಇಲ್ಲಿ ಅದು 45 ದಿನ. ಆ ಹಾಳೆ ಸೈಟಿಗೆ ಹೋಗುವುದಿಲ್ಲ.

ಎರಡನೆಯದು ತಿಂಗಳಿಗೆ ಎಷ್ಟು ದಿನ ಅನ್ನುವುದು. 26 ದಿನ ಹಿಡಿದು ಚಾರ್ಟ್ ಮಾಡಿದವರು ಮೊದಲ ದಿನವೇ ಸೋತಿರುತ್ತಾರೆ. ನನ್ನ ಲೆಕ್ಕದಲ್ಲಿ ಡಿಸೆಂಬರ್, ಜನವರಿಗೆ 24. ಮಾರ್ಚ್‌ಗೆ 19, ಹೋಳಿಗೆ ಊರಿಗೆ ಹೋದ ಬಿಹಾರದ ಗ್ಯಾಂಗ್ ಹೇಳಿದ ದಿನ ವಾಪಸ್ ಬರುವುದಿಲ್ಲ. ಮೇ ತಿಂಗಳಿಗೆ 20, ಮಧ್ಯಾಹ್ನದ ಮೇಲೆ ಗುಡುಗು ಮಳೆ. ಸೆಪ್ಟೆಂಬರ್‌ಗೆ 17, ಅಕ್ಟೋಬರ್‌ಗೆ 16: ಬೆಂಗಳೂರಿನ ದೊಡ್ಡ ಮಳೆ ಜೂನ್‌ನಲ್ಲಲ್ಲ, ಇಲ್ಲಿ. ಜೊತೆಗೆ ಗಣೇಶ, ದಸರಾ. ನವೆಂಬರ್‌ಗೆ ದೀಪಾವಳಿ ಮತ್ತು ಬಿಹಾರದವರ ಛಠ್ ಹಬ್ಬ ಕಳೆದು 17. ವರ್ಷಕ್ಕೆ ಒಟ್ಟು 245ರ ಹತ್ತಿರ, ಅಂದರೆ ತಿಂಗಳಿಗೆ ಇಪ್ಪತ್ತು ಚಿಲ್ಲರೆ. ಗುದ್ದಲಿ ಪೂಜೆ ಆಷಾಢಕ್ಕೆ ಮೊದಲೋ ಆಮೇಲೋ ಅನ್ನುವುದನ್ನೂ ಮಾಲೀಕರ ಮನೆಯಲ್ಲಿ ಮೊದಲೇ ಕೇಳಿಕೊಳ್ಳಿ, ಅಲ್ಲೇ ಒಂದು ತಿಂಗಳು ಹೋಗುತ್ತದೆ.

ಮೂರನೆಯದು ಸ್ಲ್ಯಾಬ್. ‘12 ದಿನಕ್ಕೊಂದು ಹಾಕ್ತೀವಿ ಸಾರ್’ ಅನ್ನುವವರ ಮುಂದೆ ಈ ಕೂಡುವಿಕೆ ಇಡಿ. ಮಾರ್ಕಿಂಗ್, ಸ್ಟಾರ್ಟರ್ (ಕಾಲಂ ಬುಡದ ಗಿಡ್ಡ ಕಾಂಕ್ರೀಟ್) 1 ದಿನ. ಕಾಲಂ ಕಂಬಿ 3. ಕಾಲಂ ಬಾಕ್ಸ್ ಮತ್ತು ಕಾಂಕ್ರೀಟ್ 3. ಸೆಂಟ್ರಿಂಗ್ (ಸ್ಲ್ಯಾಬ್ ಹೊರುವ ಅಚ್ಚು, ಆಸರೆ) 5. ಬೀಮ್ ಮತ್ತು ಸ್ಲ್ಯಾಬ್ ಕಂಬಿ 4. ಕರೆಂಟ್ ಪೈಪು, ಸ್ಲೀವ್ (ಪೈಪು ಹಾಯಲು ಬಿಡುವ ತೂತು) 1. ಚೆಕಿಂಗ್ ಮತ್ತು ಕಾಂಕ್ರೀಟ್ 1. ಒಟ್ಟು 18 ಕೆಲಸದ ದಿನ, ಕ್ಯಾಲೆಂಡರ್‌ನಲ್ಲಿ 26. ಅದೂ ಕಂಬಿ ಕಟಿಂಗ್, ಬೆಂಡಿಂಗ್ ಹಿಂದಿನ ಸ್ಲ್ಯಾಬ್ ಹಾಕಿದ ಮರುದಿನವೇ ಶುರುವಾಗಿದ್ದರೆ. ಮಹಡಿಗೆ 28 ಟನ್ ಕಂಬಿ, ಕಂಬಿ ಕೆಲಸದವರ ಒಂದು ಜೋಡಿ ದಿನಕ್ಕೆ 250 ಕೆಜಿ ದಾಟುವುದಿಲ್ಲ.

12 ದಿನದವರು ಮರೆಯುವುದು ಜಾಕಿಯನ್ನು, ಅಂದರೆ ಹಸಿ ಕಾಂಕ್ರೀಟ್‌ಗೆ ಕೆಳಗಿಂದ ಕೊಡುವ ಆಸರೆ ಕಂಬವನ್ನು. ಇಲ್ಲಿ ಕಾಲಂನಿಂದ ಕಾಲಂಗೆ 7.5 ಮೀಟರ್. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ 6 ಮೀಟರ್ ದಾಟಿದ ಬೀಮ್ ಕೆಳಗೆ ಈ ಜಾಕಿ 21 ದಿನ ಇರಬೇಕು. ಒಂದೇ ಸೆಟ್ ಸಾಮಾನಿನಲ್ಲಿ 12 ದಿನದ ಮಾತೇ ಇಲ್ಲ. ಎರಡನೇ ಸೆಟ್ ಬಾಡಿಗೆ ನನಗೆ ತಿಂಗಳಿಗೆ ಎರಡೂವರೆ ಲಕ್ಷ ಬಿತ್ತು. ಅದನ್ನು ರೇಟಿನಲ್ಲಿ ಸೇರಿಸದೆ 12 ದಿನ ಒಪ್ಪಿಕೊಂಡವನು ಜಾಕಿ ಬೇಗ ಬಿಚ್ಚುತ್ತಾನೆ, ಇಲ್ಲವೇ ಕೆಲಸ ಬಿಟ್ಟು ಹೋಗುತ್ತಾನೆ.

ಕಾಂಕ್ರೀಟ್ ದಿನದ ಬಗ್ಗೆ ಒಂದು ಮಾತು. 150 ಕ್ಯೂಬಿಕ್ ಮೀಟರ್, ಆರಾರರ ಲೆಕ್ಕದಲ್ಲಿ 25 ಗಾಡಿ. ಪಂಪ್ ಗಂಟೆಗೆ 30 ತಳ್ಳುತ್ತದೆ ಅಂತ ಕಾಗದದಲ್ಲಿದ್ದರೂ ಸಿಕ್ಕುವುದು 15, ಗಾಡಿ ಬರಬೇಕಲ್ಲ. ಬೆಳಿಗ್ಗೆ ಶುರು ಮಾಡಿದರೆ ಪೀಕ್ ಅವರ್‌ನಲ್ಲಿ ಭಾರಿ ವಾಹನ ತಡೆಯುತ್ತಾರೆ, ನಡುವೆ ಕೋಲ್ಡ್ ಜಾಯಿಂಟ್ (ಗಟ್ಟಿಯಾದ ಕಾಂಕ್ರೀಟ್‌ಗೆ ಹೊಸದು ಬೆಸೆಯದ ಸಂದು) ಗ್ಯಾರಂಟಿ. ಶನಿವಾರ ರಾತ್ರಿ ಹತ್ತಕ್ಕೆ ಶುರು ಮಾಡಿ, ಭಾನುವಾರ ಬೆಳಿಗ್ಗೆ ಎಂಟಕ್ಕೆ ಫಿನಿಶಿಂಗ್.

ಅಸಲಿ ಗುಟ್ಟು ಕೊನೆಯಿಂದ ಹಿಂದಕ್ಕೆ ಎಣಿಸುವುದು. ಸ್ಲ್ಯಾಬ್ ಯಾರಿಗೂ ತಡ ಮಾಡುವುದಿಲ್ಲ; ತಡ ಮಾಡುವುದು ಲಿಫ್ಟು, ಟ್ರಾನ್ಸ್‌ಫಾರ್ಮರ್, ಓಸಿ (ಕಟ್ಟಡ ಬಳಸಲು ಕೊಡುವ ಸ್ವಾಧೀನಾನುಭವ ಪತ್ರ). ಲಿಫ್ಟ್ ಸಾಮಾನು ಬರಲು 16 ವಾರ, ಕೂರಿಸಲು 6, ಆಮೇಲೆ ಲೈಸೆನ್ಸ್. ಹಾಗಾಗಿ ಆರ್ಡರ್ ಎರಡನೇ ಸ್ಲ್ಯಾಬ್‌ಗೆ ಮೊದಲೇ ಹೋಗಬೇಕು. ಲಿಫ್ಟ್ ಗುಂಡಿಯ ಆಳ, ಬಾಗಿಲ ಅಗಲ ಆಗಲೇ ಗೊತ್ತಾದರೆ ಗೋಡೆ ಒಡೆಯುವುದೂ ತಪ್ಪುತ್ತದೆ. 7 ಲಕ್ಷ ಅಡ್ವಾನ್ಸ್ ಯಾಕೆ ಈಗಲೇ ಅಂತ ಮಾಲೀಕರು ಹಿಂಜರಿಯುತ್ತಾರೆ. ಆ ದುಡ್ಡಿಗೆ ನಾಲ್ಕು ತಿಂಗಳ ಬಡ್ಡಿ ಇಪ್ಪತ್ತೈದು ಸಾವಿರ ಆಗಲ್ಲ. ಕಟ್ಟಡ ಒಂದು ತಿಂಗಳು ಖಾಲಿ ನಿಂತರೆ 6 ಕೋಟಿ ಸಾಲಕ್ಕೆ ಬಡ್ಡಿಯೇ 5 ಲಕ್ಷ, ಬಾಡಿಗೆ ಬೇರೆ. ಈ ಎರಡು ಸಾಲು ಬರೆದು ತೋರಿಸಿದೆ, ಮರುವಾರ ಚೆಕ್ ಬಂತು. ಓಸಿ ವಿಷಯಕ್ಕೆ ಎರಡು ತಿಂಗಳು ಪ್ರತ್ಯೇಕ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ‘ಕರೆಂಟು ಮೊದಲು, ಓಸಿ ಆಮೇಲೆ’ ಅನ್ನುವ ಹಳೇ ದಾರಿ ಇಂಥ ದೊಡ್ಡ ಕಟ್ಟಡಗಳಿಗೆ ಮುಚ್ಚಿದೆ.

ಒಟ್ಟು ಹೀಗೆ: ಪಾಯ 4 ತಿಂಗಳು, ಸ್ಲ್ಯಾಬ್ 5.5, ಕೊನೆಯ ಸ್ಲ್ಯಾಬ್ ಆದ ಮೇಲೆ ಗಾರೆ, ಫಿನಿಶಿಂಗ್ 4.5, ಓಸಿ 2, ಗಂಟು 1.5.

ನಡುವೆ ಒಂದು ಪ್ರಯೋಗ: ಎರಡು ಮಹಡಿಗೆ ಸಾಲಿಡ್ ಬ್ಲಾಕ್ ಬದಲು ಎಎಸಿ (ಹಗುರ ಕಾಂಕ್ರೀಟ್ ಬ್ಲಾಕ್). ಕಟ್ಟುವುದರಲ್ಲಿ ಮಹಡಿಗೆ ಐದು ದಿನ ಉಳಿಯಿತು. ಮಳೆಯಲ್ಲಿ ನೆಂದ ಬ್ಲಾಕ್ ಕಟ್ಟಿಸಿದ್ದಕ್ಕೆ ಪ್ಲಾಸ್ಟರ್ ಬಿರುಕು ಬಿಟ್ಟು, ಮೆಶ್ ಹಾಕಿ ಮತ್ತೆ ಮಾಡಿಸುವುದರಲ್ಲಿ ಏಳು ದಿನ ಹೋಯಿತು. ಟಾರ್ಪಾಲ್ ಮುಚ್ಚಿದ್ದರೆ ಪೂರ್ತಿ ಲಾಭವೇ.

ಯಾವ ಗ್ಯಾಂಗ್ ಹೇಳಿದ ದಿನವನ್ನು ಎಷ್ಟರಿಂದ ಗುಣಿಸುತ್ತೇನೆ ಅನ್ನುವ ಪಟ್ಟಿ ಮಾತ್ರ ಇಲ್ಲಿ ಹಾಕುವುದಿಲ್ಲ, ಅದು ಹೊಟ್ಟೆಪಾಡು. ಸೆಂಟ್ರಿಂಗ್‌ನವರದ್ದು ಒಂದೂವರೆಗಿಂತ ಕಡಿಮೆ ಇಲ್ಲ ಅಂತಷ್ಟೇ ಹೇಳಬಲ್ಲೆ. ಇನ್ನೂ ಲೆಕ್ಕಕ್ಕೆ ಸಿಗದಿರುವುದು ಪಾಯದ ಬಂಡೆ. ಮಣ್ಣು ಪರೀಕ್ಷೆಗೆ ಕೊರೆದ ಮೂರು ಬೋರ್‌ಹೋಲ್‌ನಲ್ಲಿ ಮೆದು ಮಣ್ಣು ತೋರಿಸಿದ ಸೈಟಿನ ಮೂಲೆಯಲ್ಲಿ ಬಂಡೆ ಎದ್ದು, ಬ್ರೇಕರ್ 19 ದಿನ ಕುಟ್ಟಿತು. ಗಂಟಿನಲ್ಲಿ ಹೆಚ್ಚು ತಿಂದದ್ದು ಅದೇ. ಮುಂದಿನ ಸೈಟಿಗೆ ಏಳು ಬೋರ್‌ಹೋಲ್ ಹೇಳಿದ್ದೇನೆ, ನಾಲ್ಕು ಮೂಲೆ ಸೇರಿಸಿ.