ಒಡೆದ ನ್ಯೂಕ್ಲಿಯಸ್ಸಲ್ಲಿ ನ್ಯೂಟ್ರಾನ್ ಎಲ್ಲೋಯ್ತು ಅಂತ ಲೆಕ್ಕ ಹಾಕೋದು ಹೇಗೆ

ಹಾಲು ಒಡೆದಾಗ ನೋಡಿದೀರಲ್ಲ, ಗಟ್ಟಿ ಒಂದು ಕಡೆ ನೀರು ಒಂದು ಕಡೆ, ಗಟ್ಟಿಯಲ್ಲೂ ನೀರಿರತ್ತೆ ಆದ್ರೆ ಕಮ್ಮಿ. ಎರಡು ಭಾರದ ನ್ಯೂಕ್ಲಿಯಸ್‌ನ ಜೋರಾಗಿ ಗುದ್ದಿಸಿದ್ರೂ ಹೆಚ್ಚುಕಮ್ಮಿ ಇದೇ ಕಥೆ. ಬಿಸಿಯಾಗಿ ಉಬ್ಬಿ, ಡೆನ್ಸಿಟಿ ಮಾಮೂಲಿಗಿಂತ (ಘನ ಫರ್ಮಿಗೆ 0.16 ನ್ಯೂಕ್ಲಿಯಾನ್; ನ್ಯೂಕ್ಲಿಯಾನ್ ಅಂದ್ರೆ ಪ್ರೋಟಾನ್ ಇಲ್ಲಾ ನ್ಯೂಟ್ರಾನ್, ಫರ್ಮಿ ಅಂದ್ರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ) ತುಂಬಾ ಕೆಳಗಿಳಿದ್ರೆ ಆ ದ್ರವ್ಯ ಒಂದೇ ಸಮ ನಿಲ್ಲಲ್ಲ, ಚೂರು ದಟ್ಟ ಇರೋ ಜಾಗ ಇನ್ನೂ ದಟ್ಟ ಆಗ್ತಾ ಹೋಗಿ ತುಂಡಾಗತ್ತೆ, ಸುತ್ತ ಗ್ಯಾಸ್ ಉಳಿಯತ್ತೆ. ನ್ಯೂಟ್ರಾನು ಪ್ರೋಟಾನು ಎರಡೂ ತುಂಡಿನ ಕಡೆಗೇ ಓಡೋದು, ಆದ್ರೆ ನ್ಯೂಟ್ರಾನ್ ಜಾಸ್ತಿ ಇಟ್ಕೊಂಡ್ರೆ ಸಿಮೆಟ್ರಿ ಎನರ್ಜಿ ಅಂತ ದಂಡ ಕಟ್ಬೇಕು, ದಟ್ಟ ಕಡೆ ದಂಡ ಜಾಸ್ತಿ, ಹಂಗಾಗಿ ಹೆಚ್ಚುವರಿ ನ್ಯೂಟ್ರಾನ್ ಗ್ಯಾಸಲ್ಲೇ ಉಳ್ಕೊಳತ್ತೆ.

ಇದನ್ನ ಡೇಟಾದಲ್ಲಿ ಹಿಡಿಯೋದು ಹೇಗೆ? ಒಂದೇ ರಿಯಾಕ್ಷನ್ ನೋಡಿದ್ರೆ ಆಗಲ್ಲ, ಎರಡು ಬೇಕು, ನ್ಯೂಟ್ರಾನ್ ಬಿಟ್ರೆ ಬೇರೆಲ್ಲ ಒಂದೇ ಥರ ಇರ್ಬೇಕು. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಸೈಕ್ಲೋಟ್ರಾನ್ ಲ್ಯಾಬಲ್ಲಿ ತವರ ತಗೊಂಡಿದ್ದು ಇದಕ್ಕೇ: ತವರ-112 ಮೇಲೆ ತವರ-112, ಇನ್ನೊಂದು 124 ಮೇಲೆ 124, ನ್ಯೂಕ್ಲಿಯಾನಿಗೆ 50 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ). ಪ್ರೋಟಾನ್ ಎರಡರಲ್ಲೂ 50, ನ್ಯೂಟ್ರಾನ್ 62 ಮತ್ತು 74.

ಈಗ ಲಿಥಿಯಂ, ಬೆರಿಲಿಯಂ, ಬೋರಾನ್, ಕಾರ್ಬನ್ ಐಸೋಟೋಪ್‌ಗಳು (ಪ್ರೋಟಾನ್ ಅಷ್ಟೇ, ನ್ಯೂಟ್ರಾನ್ ಬೇರೆಬೇರೆ ಇರೋ ರೂಪಗಳು) ಎಷ್ಟೆಷ್ಟು ಬಂದ್ವು ಅಂತ ಶೀಟಲ್ಲಿ ಹಾಕಿ, 124ರದ್ದನ್ನ 112ರದ್ದರಿಂದ ಭಾಗಿಸಿ (ತಿರುಗಿಸಿದ್ರೆ ಎಲ್ಲ ಉಲ್ಟಾ). ಬೆರಿಲಿಯಂ-8 ಸಾಲು ಖಾಲಿ ಇದ್ರೆ ಗಾಬರಿ ಬೇಡ, ಅದು ಹುಟ್ಟಿದ ತಕ್ಷಣ ಎರಡು ಹೀಲಿಯಂ ಆಗೋಗತ್ತೆ, ಡಿಟೆಕ್ಟರ್‌ವರೆಗೂ ಬರಲ್ಲ. ಆಮೇಲೆ ಅನುಪಾತದ ನ್ಯಾಚುರಲ್ ಲಾಗ್ ತಗೊಳ್ಳಿ. ನ್ಯಾಚುರಲ್! ನಾನು ಮೊದಲ ಸಲ ಶೀಟಲ್ಲಿ ಬರೀ ಲಾಗ್ ಅಂತ ಹೊಡೆದು, ಅದು ಹತ್ತರ ಲಾಗ್ ಅಂತ ಗೊತ್ತಾಗ್ದೆ ಇಳಿಜಾರು 0.16 ಬಂತು ಅಂತ ಎರಡು ದಿನ ತಲೆ ಕೆರ್ಕೊಂಡೆ.

ಆ ಲಾಗ್‌ನ ನ್ಯೂಟ್ರಾನ್ ಸಂಖ್ಯೆ ಎದುರಿಗೆ ಪ್ಲಾಟ್ ಮಾಡಿದ್ರೆ ಪ್ರತಿ ಧಾತುವಿಗೂ ಒಂದೊಂದು ಗೆರೆ, ಎಲ್ಲಾ ಸಮಾಂತರ, ನೇಗಿಲ ಸಾಲು ಹೊಡೆದಂಗೆ. ಇದೇ ಐಸೋಸ್ಕೇಲಿಂಗ್. ಗೆರೆಯ ಇಳಿಜಾರು ಆಲ್ಫಾ (ಆಲ್ಫಾ ಕಣಕ್ಕೂ ಇದಕ್ಕೂ ಸಂಬಂಧ ಇಲ್ಲ), ಒಂದು ಗೆರೆಯಿಂದ ಮುಂದಿನ ಗೆರೆಗೆ ಎಷ್ಟು ಇಳೀತು ಅನ್ನೋದು ಬೀಟಾ. ತವರಕ್ಕೆ ಸುಮಾರು 0.36 ಮತ್ತು ಮೈನಸ್ 0.42 ಸಿಕ್ತು. ಅಂದ್ರೆ ಕಾರ್ಬನ್-11ರಿಂದ 14ಕ್ಕೆ ಹೋದ್ರೆ ಅನುಪಾತ ಹತ್ರಹತ್ರ 3 ಪಟ್ಟು.

ಮಜಾ ಇರೋದು ಇಲ್ಲಿ. ಆಲ್ಫಾ, ಬೀಟಾ ಎರಡನ್ನೂ ಎಕ್ಸ್‌ಪೊನೆನ್ಷಿಯಲ್‌ಗೆ ಹಾಕಿ, 1.43 ಮತ್ತು 0.66. ಒಡೆಯೋ ಹೊತ್ತಲ್ಲಿ ಬಿಡಿಯಾಗಿದ್ದ ನ್ಯೂಟ್ರಾನ್, ಪ್ರೋಟಾನ್‌ಗಳ ಸಾಂದ್ರತೆ 112ರ ಸಿಸ್ಟಮ್‌ಗೆ ಹೋಲಿಸಿದ್ರೆ 124ರದ್ದರಲ್ಲಿ ಎಷ್ಟು ಪಟ್ಟು ಅಂತ ಇದು ಹೇಳತ್ತೆ. ಎಲ್ಲಾ ಸಮನಾಗಿ ಹಂಚಿಕೊಂಡಿದ್ರೆ ನ್ಯೂಟ್ರಾನಿಗೆ 74 ಭಾಗಿಸು 62, ಅಂದ್ರೆ 1.19 ಬರ್ಬೇಕಿತ್ತು, ಪ್ರೋಟಾನಿಗೆ ಸರಿಯಾಗಿ 1. ಹಾಕಿದ್ದು ಬರೀ ನ್ಯೂಟ್ರಾನು, ಪ್ರೋಟಾನ್ ಒಂದೂ ಕಡಿಮೆ ಮಾಡಿಲ್ಲ, ಆದ್ರೂ ಗ್ಯಾಸಲ್ಲಿ ಪ್ರೋಟಾನ್ ಮೂರನೇ ಒಂದು ಭಾಗ ಕಾಣೆ! ಅವೆಲ್ಲ ತುಂಡುಗಳೊಳಗೆ ಸೇರ್ಕೊಂಡಿವೆ.

ಇಲ್ಲಿಂದ ಸಿಮೆಟ್ರಿ ಎನರ್ಜಿಗೆ ಹೋಗೋಕೆ ಒಂದು ಫಾರ್ಮುಲಾ ಇದೆ, ಆಲ್ಫಾ ಅಂದ್ರೆ 4 ಇಂಟು ಸಿಮೆಟ್ರಿ ಎನರ್ಜಿ, ಭಾಗಿಸು ಟೆಂಪರೇಚರ್, ಇಂಟು ಎರಡು ಸಿಸ್ಟಮ್‌ಗಳ ಪ್ರೋಟಾನ್ ಪಾಲಿನ (ಪ್ರೋಟಾನ್ ಭಾಗಿಸು ಒಟ್ಟು ನ್ಯೂಕ್ಲಿಯಾನ್) ವರ್ಗಗಳ ವ್ಯತ್ಯಾಸ. ವ್ಯತ್ಯಾಸ 0.0367, ಟೆಂಪರೇಚರ್ 5 ಎಂಇವಿ (5,800 ಕೋಟಿ ಕೆಲ್ವಿನ್!) ಅಂತಿಟ್ರೆ 12 ಎಂಇವಿ ಚಿಲ್ಲರೆ ಬರತ್ತೆ, ಮಾಮೂಲಿ ನ್ಯೂಕ್ಲಿಯಸ್ಸಿನ ಸುಮಾರು 24ಕ್ಕೆ ಅರ್ಧ. ಅದನ್ನ ನೋಡಿ ತೆಳು ದ್ರವ್ಯದಲ್ಲಿ ಅರ್ಧ ಆಯ್ತು ಅಂತ ಹಾಗೇ ಬರ್ದುಬಿಡ್ಬೇಡಿ. ಒಡೆಯೋಕೆ ಮುಂಚೇನೇ ಒಂದಷ್ಟು ನ್ಯೂಟ್ರಾನ್ ಹಾರೋಗಿರತ್ತೆ, ಆಗ ಫಾರ್ಮುಲಾಕ್ಕೆ ಹಾಕೋ ಪ್ರೋಟಾನ್ ಪಾಲೇ ಬೇರೆ. ಬಿಸಿ ತುಂಡುಗಳೂ ಡಿಟೆಕ್ಟರ್ ಮುಟ್ಟೋ ಮೊದಲು ಇನ್ನಷ್ಟು ಕಣ ಉದುರಿಸಿರ್ತವೆ, ಅದರ ತಿದ್ದುಪಡಿ ಹಾಕಿ ಆಮೇಲೆ ಸಂಖ್ಯೆ ಕೊಡಿ.