ಎರಡು ಮುದ್ದೆಯ ಗ್ರಹದಲ್ಲಿ ‘ಕೆಳಗೆ’ ಅಂದರೆ ಯಾವ ಕಡೆ?

2014ರಲ್ಲಿ ರೊಸೆಟ್ಟಾ ನೌಕೆ ಕಳಿಸಿದ 67ಪಿ ಧೂಮಕೇತುವಿನ ಚಿತ್ರವನ್ನು ಪೇಪರಿನಿಂದ ಕತ್ತರಿಸಿ ಒಂಬತ್ತನೇ ಕ್ಲಾಸಿನ ಬೋರ್ಡಿಗೆ ಅಂಟಿಸಿದ್ದೆ. ದೊಡ್ಡ ಮೈ, ಸಣ್ಣ ತಲೆ, ನಡುವೆ ಕುತ್ತಿಗೆ, ಥೇಟ್ ಬಾತುಕೋಳಿ. ‘ವಸ್ತುಗಳೆಲ್ಲ ಕೇಂದ್ರದ ಕಡೆಗೆ ಬೀಳುತ್ತವೆ’ ಅಂತ ಎಂದಿನಂತೆ ಪಾಠ ಒಪ್ಪಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿ ಎದ್ದು, “ಸಾರ್, ಇದಕ್ಕೆ ಕೇಂದ್ರ ಎಲ್ಲಿದೆ?” ಅಂದಳು. ಉತ್ತರ ಹೊಳೆಯಲಿಲ್ಲ. ರಾತ್ರಿ ಊಟದ ತಟ್ಟೆಯಲ್ಲಿ ಮುದ್ದೆ ಕಂಡಾಗ ದಾರಿ ಸಿಕ್ಕಿತು.

ಚಾರ್ಟ್ ಪೇಪರಿನ ಮೇಲೆ ಕೈವಾರದಿಂದ 10 ಸೆಂ.ಮೀ. ತ್ರಿಜ್ಯದ ದೊಡ್ಡ ಮುದ್ದೆ ಎಳೆಯಿರಿ. ಅದಕ್ಕೆ ತಾಗಿದಂತೆ 5 ಸೆಂ.ಮೀ. ತ್ರಿಜ್ಯದ ಸಣ್ಣದು. 5 ಸೆಂ.ಮೀ.ಗೆ ಒಂದು ಅಳತೆ ಅಂತಿಟ್ಟುಕೊಳ್ಳಿ. ಎರಡೂ ಒಂದೇ ಹಿಟ್ಟಿನವು, ಹಾಗಾಗಿ ಸಣ್ಣದರ ತೂಕ 1 ಆದರೆ ದೊಡ್ಡದರದು 8. ಗೋಳದ ಹೊರಗೆ ನಿಂತವರಿಗೆ ಅದರ ದ್ರವ್ಯವೆಲ್ಲ ನಡುಬಿಂದುವಿನಲ್ಲೇ ಇದ್ದಂತೆ ಅಂತ ನ್ಯೂಟನ್ ತೋರಿಸಿಕೊಟ್ಟಿದ್ದಾನೆ. ಅದಕ್ಕೇ ಮುದ್ದೆ ಹಿಡಿದದ್ದು; ಕಡುಬು ಹಿಡಿದಿದ್ದರೆ ಲೆಕ್ಕ ಕೈಕೊಡುತ್ತಿತ್ತು. ದ್ರವ್ಯವನ್ನು ದೂರದ ವರ್ಗದಿಂದ ಭಾಗಿಸಿದರೆ ಸೆಳೆತ.

ಮೊದಲು ಕುತ್ತಿಗೆ, ಅಂದರೆ ಎರಡೂ ತಾಗುವ ಜಾಗ; ಅಲ್ಲಿ ದೊಡ್ಡದರ ಮೇಲೆ ನಿಂತಿದ್ದೀರಿ ಅನ್ನಿ. ದೊಡ್ಡದು 8/4, ಅಂದರೆ 2ರಷ್ಟು ಎಳೆಯುತ್ತದೆ. ನಿಮ್ಮ ತಲೆಯ ಮೇಲಿರುವ ಸಣ್ಣದು 1ರಷ್ಟು ಮೇಲಕ್ಕೆ. ಉಳಿದದ್ದು 1. ಇನ್ನು ಸಣ್ಣ ಮುದ್ದೆಯ ಆಚೆ ತುದಿ: ಸಣ್ಣದರದು 1, ನಾಲ್ಕು ಅಳತೆ ದೂರದ ದೊಡ್ಡದರದು 8/16. ಒಟ್ಟು 1.5. ಇಲ್ಲೇ ನನ್ನ ಹಳೇ ತಪ್ಪು ಸಿಕ್ಕಿಬಿತ್ತು. ಎರಡರ ದ್ರವ್ಯವನ್ನೂ ಅವುಗಳ ಸಮತೋಲದ ಬಿಂದುವಿನಲ್ಲಿ ತುರುಕಿ ಲೆಕ್ಕ ಹಾಕಿದರೆ ಬರೋದು 0.67, ಅರ್ಧಕ್ಕಿಂತ ಕಡಿಮೆ!

ಮಜಾ ಇರೋದು ಸಣ್ಣ ಮುದ್ದೆಯ ಪಕ್ಕದಲ್ಲಿ. ಎರಡೂ ಕೇಂದ್ರ ಸೇರಿಸಿ ಗೆರೆ ಎಳೆದು, ಸಣ್ಣದರ ಕೇಂದ್ರದಿಂದ ಅದಕ್ಕೆ ಲಂಬ ಎಬ್ಬಿಸಿ; ಅದು ಅಂಚನ್ನು ಮುಟ್ಟುವಲ್ಲಿ ನೀವು ನಿಂತಿದ್ದೀರಿ. ದೊಡ್ಡದರ ಕೇಂದ್ರಕ್ಕೆ ಸ್ಕೇಲ್ ಇಟ್ಟರೆ 15.8 ಸೆಂ.ಮೀ., ಅಂದರೆ 3.16 ಅಳತೆ. ವರ್ಗ 10, ಸೆಳೆತ 0.8. ಸಣ್ಣದರದು ಇಲ್ಲೂ 1. ಈಗ ಸೆಳೆತ 1ಕ್ಕೆ 10 ಸೆಂ.ಮೀ. ಅಂತಿಟ್ಟುಕೊಂಡು ಸಣ್ಣದರ ಕೇಂದ್ರದತ್ತ 10 ಸೆಂ.ಮೀ. ಬಾಣ, ದೊಡ್ಡದರತ್ತ 8 ಸೆಂ.ಮೀ. ಬಾಣ ಎಳೆದು ಸಮಾಂತರ ಚತುರ್ಭುಜ ಪೂರ್ತಿ ಮಾಡಿ. ಕರ್ಣವೇ ಅಲ್ಲಿನ ‘ಕೆಳಗೆ’. ಕೋನಮಾಪಕ ಇಟ್ಟು ನೋಡಿ: ಲಂಬದಿಂದ ಸುಮಾರು 31 ಡಿಗ್ರಿ ಓರೆ. ಗಾರೆಯವರು ಅಲ್ಲಿ ತೂಗುಗುಂಡು ಬಿಟ್ಟರೆ ದಾರ ದೊಡ್ಡ ಮುದ್ದೆಯ ಕಡೆ ವಾಲುತ್ತದೆ. ನೆಲ ಎಷ್ಟೇ ನುಣ್ಣಗಿದ್ದರೂ ಕಾಲಿಗೆ ಅದು ಕಡಿದಾದ ಇಳಿಜಾರು. ಗೋಲಿ ಬಿಟ್ಟರೆ ಕುತ್ತಿಗೆಗೇ ಓಟ.

ಇಟ್ಟಿಗೆ ಆಕಾರದ ಗ್ರಹ ಬೇಕಿದ್ದರೆ ಅದನ್ನು ಸಣ್ಣ ಸಣ್ಣ ಉಂಡೆ ಮಾಡಿ ಇದೇ ಕೂಡಿಕೆ, ಬೇಜಾರಿನ ಕೆಲಸ. ಗ್ರಹ ಗಿರ್ರನೆ ತಿರುಗುತ್ತಿದ್ದರೆ ಹೊರಕ್ಕೆಸೆಯುವ ಬಲವನ್ನೂ ಲೆಕ್ಕಕ್ಕೆ ತರಬೇಕು.

ಮಾರನೇ ದಿನ ಚಾರ್ಟ್ ತೋರಿಸಿದಾಗ ಅದೇ ಹುಡುಗಿ ಬೋರ್ಡಿನ ಚಿತ್ರದ ಹತ್ತಿರ ಹೋಗಿ ಕುತ್ತಿಗೆಯ ಮೇಲೆ ಬೆರಳಿಟ್ಟಳು. ಹಾಪಿ ಅಂತ ಹೆಸರಿಟ್ಟಿರುವ ಜಾಗ ಅದು. ಸುತ್ತ ಹೆಚ್ಚಾಗಿ ಕಲ್ಲುಬಂಡೆ, ಅಲ್ಲಿ ಧೂಳು ತುಂಬಿ ನುಣುಪು. “ಇಲ್ಲಿಗೇ ಬಂದು ಬಿದ್ದಿರಬೇಕು ಸಾರ್” ಅಂದಳು.