ಮಗುವಿನ ತಟ್ಟೆಗಿಂತ ಮೊದಲು ಅಮ್ಮನ ನಿದ್ದೆ ನೋಡಿ

ಮೂರು ವರ್ಷದ ಮಗು ತರಕಾರಿ ಮುಟ್ಟುವುದಿಲ್ಲ, ಫೋನ್ ಇಲ್ಲದೆ ತುತ್ತು ಇಳಿಯುವುದಿಲ್ಲ, ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ. ಈ ಮೂರೂ ದೂರು ಒಟ್ಟಿಗೆ ಕೇಳಿಬರುವ ಮನೆಯಲ್ಲಿ ಮೊದಲು ವಿಚಾರಿಸಬೇಕಾದದ್ದು ದೊಡ್ಡವರನ್ನು. ನಿಮಗೆ ನಿದ್ದೆ ಬರುತ್ತಿದೆಯೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ಮಗುವನ್ನು ಸಂಭಾಳಿಸುವುದು ನನ್ನ ಕೈಲಾಗುತ್ತದೆ ಅನ್ನಿಸುತ್ತಿದೆಯೇ?

ಐದು ವರ್ಷದೊಳಗಿನ ಮಗು ಏನು ತಿನ್ನುತ್ತದೆ, ಯಾವಾಗ ಮಲಗುತ್ತದೆ ಎನ್ನುವುದೆಲ್ಲ ಮನೆಯವರ ದಿನಚರಿಯ ಮೇಲೆ ನಿಂತಿರುತ್ತದೆ. ಮನಸ್ಸು ಕುಗ್ಗಿದಾಗ ಮಗುವಿನ ಸನ್ನೆಗಳು ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ. ಹೊಟ್ಟೆ ತುಂಬಿ ಮುಖ ತಿರುಗಿಸಿದರೂ ತುರುಕುತ್ತೇವೆ, ಇಲ್ಲವೇ ರಗಳೆ ಬೇಡವೆಂದು ಚಿಪ್ಸ್ ಪಾಕೆಟ್ ಕೈಗಿಡುತ್ತೇವೆ. ಹಠ ಹೆಚ್ಚುತ್ತದೆ. ‘ನನಗೆ ಮಗು ಸಾಕೋಕೂ ಬರಲ್ಲ’ ಎಂಬ ಕೊರಗು ಹುಟ್ಟಿ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಈ ಸುತ್ತನ್ನು ದೊಡ್ಡವರ ಕಡೆಯಿಂದ ಕಡಿಯುವುದೇ ಸುಲಭ. ಇದನ್ನು ತಾಯಿಯ ತಪ್ಪು ಎಂದು ಯಾರೂ ಓದಿಕೊಳ್ಳಬಾರದು. ಸಾಲ, ಕೊಳವೆಬಾವಿ ಬತ್ತಿದ ಚಿಂತೆ, ಟೊಮೆಟೊ ದರ ಬಿದ್ದ ಬೇಸರದಲ್ಲಿರುವ ತಂದೆಯ ಮನಸ್ಸೂ ಮಗುವಿನ ತಟ್ಟೆಯವರೆಗೆ ತಲುಪುತ್ತದೆ.

ಮೊದಲ ಹೆಜ್ಜೆ: ನಿಮ್ಮನ್ನೇ ಎರಡು ಪ್ರಶ್ನೆ ಕೇಳಿಕೊಳ್ಳಿ

ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಖುಷಿ ಇಲ್ಲದಂತಾಗಿದೆಯೇ? ಮನಸ್ಸು ಭಾರವಾಗಿ, ಇನ್ನೇನೂ ಸರಿಹೋಗುವುದಿಲ್ಲ ಅನ್ನಿಸಿದೆಯೇ? ವೈದ್ಯರು ಖಿನ್ನತೆಯ ಮೊದಲ ತಪಾಸಣೆಗೆ ಬಳಸುವ ಪ್ರಶ್ನೆಗಳೇ ಇವು. ಅರ್ಧಕ್ಕಿಂತ ಹೆಚ್ಚು ದಿನ ಹೀಗಿದ್ದರೆ ಮಗುವಿನ ಅಭ್ಯಾಸ ತಿದ್ದುವ ಕೆಲಸ ಸ್ವಲ್ಪ ಕಾಯಲಿ, ನಿಮಗೆ ಸಹಾಯ ಮೊದಲು ಸಿಗಲಿ.

ಬಾಣಂತಿಯರಲ್ಲಿ ಹೆರಿಗೆಯ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ಎರಡು ವಾರದೊಳಗೆ ತಾನೇ ಇಳಿಯುತ್ತದೆ. ಅದಕ್ಕಿಂತ ಮುಂದುವರಿದರೆ ಖಿನ್ನತೆ ಇರಬಹುದು. ‘ಬಾಣಂತನದಲ್ಲಿ ಇದೆಲ್ಲ ಇದ್ದದ್ದೇ’ ಎಂದು ತಳ್ಳಿಹಾಕುವುದರಿಂದಲೇ ತಿಂಗಳುಗಟ್ಟಲೆ ನರಳುವವರಿದ್ದಾರೆ. ಹಾಲೂಡಿಸುವಾಗಲೂ ಕೊಡಬಹುದಾದ ಔಷಧಿಗಳಿವೆ. ಹಾಲು ಬಿಡಿಸುವುದನ್ನಾಗಲಿ ಮಾತ್ರೆ ನಿಲ್ಲಿಸುವುದನ್ನಾಗಲಿ ಸ್ವಂತ ತೀರ್ಮಾನದಿಂದ ಮಾಡಬೇಡಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮನೆಯಲ್ಲಿ ಯಾರಿಗಾದರೂ ತನಗೋ ಮಗುವಿಗೋ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದ್ದರೆ ಮಂಗಳವಾರಕ್ಕೆ ಕಾಯುವ ಮಾತೇ ಇಲ್ಲ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಎರಡನೇ ಹೆಜ್ಜೆ: ವಾರ ನೋಡಿ ಶುರು ಮಾಡಿ

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಮನೆಗಳಲ್ಲಿ ಹೊಸ ಅಭ್ಯಾಸ ಕೈಕೊಡುವುದಕ್ಕೆ ಒಂದು ದೊಡ್ಡ ಕಾರಣ ಕ್ಯಾಲೆಂಡರ್. ಹುಳ ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಕೊನೆಯ ಹಂತ) ಎದ್ದು ಹಣ್ಣಾಗುವವರೆಗಿನ, ಅಂದರೆ ಗೂಡು ಕಟ್ಟಲು ಸಿದ್ಧವಾಗುವವರೆಗಿನ ಏಳೆಂಟು ದಿನಗಳಲ್ಲೇ ಇಡೀ ಬೆಳೆಯ ಹಿಪ್ಪುನೇರಳೆ ಸೊಪ್ಪಿನ ನೂರಕ್ಕೆ 80 ಭಾಗಕ್ಕಿಂತ ಹೆಚ್ಚು ಖರ್ಚಾಗುತ್ತದೆ. ರಾತ್ರಿ ಎದ್ದು ಸೊಪ್ಪು ಹಾಕಬೇಕು, ಆಮೇಲೆ ಹುಳವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಗಡಿಬಿಡಿ. ನಿದ್ದೆಗೆಟ್ಟ ಆ ವಾರದಲ್ಲಿ ಫೋನ್ ಬಿಡಿಸಲು ಹೊರಟರೆ ಎರಡನೇ ದಿನವೇ ಸೋಲುತ್ತೀರಿ. ಗೂಡು ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಚಾಕಿ (ಮರಿ ಹುಳ) ತರುವ ಮುನ್ನ ಸಿಗುವ ಬಿಡುವಿನಲ್ಲಿ ಆರಂಭಿಸಿ. ಕೋಲಾರದ ನರಸಾಪುರ, ವೇಮಗಲ್ ಕಾರ್ಖಾನೆಗಳ ಪಾಳಿಯವರು ರಾತ್ರಿ ಪಾಳಿ ಇಲ್ಲದ ವಾರ ಹಿಡಿಯಲಿ.

ಒಂದು ಸಲಕ್ಕೆ ಒಂದೇ ಅಭ್ಯಾಸ. ಅದೂ ನಿಮಗೆ ಗೆಲ್ಲಲು ಸಾಧ್ಯವೆನಿಸುವಷ್ಟು ಚಿಕ್ಕದು. ಇದು ಸುಮ್ಮನೆ ಸಮಾಧಾನದ ಮಾತಲ್ಲ. ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ವಿವರಿಸಿದಂತೆ, ‘ನನ್ನಿಂದಾಗುತ್ತದೆ’ ಎಂಬ ನಂಬಿಕೆಗೆ ಅತ್ಯಂತ ಬಲ ಕೊಡುವುದು ಸ್ವತಃ ಮಾಡಿ ಗೆದ್ದ ಅನುಭವ. ನಮ್ಮಂಥವರೇ ಮಾಡುವುದನ್ನು ನೋಡುವುದು, ನಂಬಿದವರ ಪ್ರೋತ್ಸಾಹದ ಮಾತು, ದಣಿವು ಆತಂಕವಿಲ್ಲದ ಮೈಮನಸ್ಸು ಕೂಡ ಅದಕ್ಕೆ ನೆರವಾಗುತ್ತವೆ. ‘ಇಂದಿನಿಂದ ಮಗು ಎಲ್ಲ ತರಕಾರಿ ತಿನ್ನಬೇಕು’ ಎಂಬ ಗುರಿ ನಾಳೆಯೇ ಮುರಿಯುತ್ತದೆ, ಜೊತೆಗೆ ನಿಮ್ಮ ಧೈರ್ಯವೂ.

ತರಕಾರಿ: ಒಂದು ಚಮಚ, ಹದಿನೈದು ಸಲ

ಹೊಸ ರುಚಿಯನ್ನು ಒಪ್ಪಲು ಮಗುವಿಗೆ ಸಾಮಾನ್ಯವಾಗಿ 8ರಿಂದ 15 ಸಲ ಬೇಕಾಗುತ್ತದೆ. ಮೂರು ನಾಲ್ಕು ಸಲಕ್ಕೆ ‘ಇವನಿಗೆ ಸೇರಲ್ಲ’ ಎಂದು ಕೈಬಿಡುವುದೇ ಹೆಚ್ಚು. ಆತ್ಮವಿಶ್ವಾಸದ ಪ್ರಶ್ನೆ ನಿಜವಾಗಿ ಬರುವುದು ಇಲ್ಲಿ. ಆರನೇ ಸಲವೂ ಉಗುಳಿದಾಗ ಏಳನೇ ಸಲ ಶಾಂತವಾಗಿ ಬಡಿಸುವವರು ಗೆಲ್ಲುತ್ತಾರೆ.

ವಿಧಾನ ಇಷ್ಟೇ. ಮನೆಮಂದಿಗೆ ಮಾಡಿದ ಬಸ್ಸಾರಿನ ಪಲ್ಯವನ್ನೋ ಮಸ್ಸೊಪ್ಪನ್ನೋ ಒಗ್ಗರಣೆಯ ಮೆಣಸಿನಕಾಯಿ ತೆಗೆದು ಒಂದೇ ಚಹಾ ಚಮಚದಷ್ಟು ತಟ್ಟೆಯ ಅಂಚಿಗೆ ಹಾಕಿ. ಪಕ್ಕದಲ್ಲಿ ಮಗುವಿಗೆ ಈಗಾಗಲೇ ಇಷ್ಟವಿರುವ ಮುದ್ದೆಯೋ ಅನ್ನವೋ ಇರಲಿ. ಎದುರಿಗೆ ಕೂತು ಅದೇ ಪಲ್ಯವನ್ನು ನೀವೂ ತಿನ್ನಿ. ಮುಟ್ಟಿದರೂ ಮೂಸಿದರೂ ಅದನ್ನು ಒಂದು ಸಲ ಎಂದೇ ಎಣಿಸಿ. ಏನು, ಯಾವಾಗ, ಎಲ್ಲಿ ಬಡಿಸಬೇಕು ಎನ್ನುವುದು ನಿಮ್ಮ ತೀರ್ಮಾನ. ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ ಎನ್ನುವುದು ಮಗುವಿನದು. 20ರಿಂದ 30 ನಿಮಿಷಕ್ಕೆ ತಟ್ಟೆ ಎತ್ತಿ, ಬೈಗುಳ ಬೇಡ. ‘ಪಲ್ಯ ತಿಂದರೆ ಚಾಕೊಲೇಟ್’ ಎಂದರೆ ಪಲ್ಯ ಕೆಟ್ಟದ್ದು, ಚಾಕೊಲೇಟ್ ಬಹುಮಾನ ಎಂದೇ ಮಗು ಕಲಿಯುತ್ತದೆ.

ಹಸು ಇರುವ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಊಟ ಮಾಡಲಿಲ್ಲವಲ್ಲ ಎಂಬ ಆತಂಕಕ್ಕೆ ಲೋಟ ಲೋಟ ಹಾಲು ಕುಡಿಸುತ್ತಾರೆ. ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಮೀರಿ ಹಾಲು ಕೊಟ್ಟರೆ ಹಸಿವು ಸಾಯುತ್ತದೆ, ಕಬ್ಬಿಣದ ಅಂಶವೂ ಕಡಿಮೆಯಾಗುತ್ತದೆ. ಅಳೆದು ಕೊಡಿ, ಊಟಕ್ಕೆ ಮುಂಚಿನ ಎರಡು ಗಂಟೆ ಹಾಲು ಬೇಡ. ಕಡಲೆಕಾಯಿ ಬೀಜವನ್ನು ಐದು ವರ್ಷದೊಳಗಿನವರಿಗೆ ಇಡಿಯಾಗಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಬೆರೆಸಿ.

ಫೋನ್ ಮತ್ತು ನಿದ್ದೆ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇದು: ಎರಡು ವರ್ಷ ತುಂಬುವವರೆಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಒಂದು, ಎರಡು ವರ್ಷದವರಿಗೆ 11ರಿಂದ 14 ಗಂಟೆ, ಮೂರು, ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಹಗಲಿನ ನಿದ್ದೆಯೂ ಇದರಲ್ಲಿ ಸೇರಿದೆ. ದಿನಕ್ಕೆ ಮೂರು ಗಂಟೆಯಾದರೂ ಓಡಾಟ, ಆಟ ಇರಬೇಕು.

ಮೊದಲು ಊಟದ ಹೊತ್ತಿನ ಫೋನ್ ಒಂದನ್ನೇ ತೆಗೆಯಿರಿ. ಆಗ ಒಂದು ವಿಷಯ ಗೊತ್ತಿರಬೇಕು. ನಿಯಮ ಶುರುವಾದ ಮೊದಲ ಮೂರು ನಾಲ್ಕು ದಿನ ರಚ್ಚೆ ಕಡಿಮೆಯಾಗುವ ಬದಲು ಜೋರಾಗುತ್ತದೆ. ಇದುವರೆಗೆ ಅತ್ತಾಗ ಸಿಗುತ್ತಿದ್ದದ್ದು ಈಗ ಸಿಗುತ್ತಿಲ್ಲ, ಮಗು ಇನ್ನೂ ಜೋರಾಗಿ ಅತ್ತು ನೋಡುತ್ತದೆ. ನಿಮ್ಮ ದಾರಿ ತಪ್ಪಿದೆ ಎಂದುಕೊಳ್ಳಬೇಡಿ. ನಾಲ್ಕನೇ ದಿನ ಸೋತು ಫೋನ್ ಕೊಟ್ಟರೆ ಮಾತ್ರ, ಅರ್ಧ ಗಂಟೆ ಅತ್ತರೆ ಸಿಗುತ್ತದೆ ಎಂಬ ಪಾಠ ಆಗಿಬಿಡುತ್ತದೆ, ಮುಂದಿನ ಸಲ ಬಿಡಿಸುವುದು ಇನ್ನೂ ಕಷ್ಟ. ಆ ನಾಲ್ಕು ದಿನ ಅಳು ತಡೆಯಲಾಗದೆ ನಿಮ್ಮ ಕೈ ನಡುಗಿದರೆ ಮಗುವನ್ನು ಮನೆಯ ಇನ್ನೊಬ್ಬರ ಕೈಗೆ ಕೊಟ್ಟು ಐದು ನಿಮಿಷ ಹೊರಗೆ ನಿಲ್ಲಿ. ಯಾರೂ ಇಲ್ಲದಿದ್ದರೆ ಮಗುವನ್ನು ಅಪಾಯವಿಲ್ಲದ ಜಾಗದಲ್ಲಿ ಕೂರಿಸಿ, ಕಣ್ಣಳತೆಯಲ್ಲೇ ದೂರ ನಿಂತು ಉಸಿರು ನಿಧಾನ ಮಾಡಿಕೊಳ್ಳಿ. ದೊಡ್ಡವರ ಫೋನೂ ಆ ಹೊತ್ತು ಕಣ್ಣಿಗೆ ಬೀಳದ ಹಾಗೆ ಗೋಡೆಯ ಗೂಡಿನಲ್ಲಿರಲಿ.

ಮನೆಯವರೆಲ್ಲರ ಮಾತು ಒಂದೇ ಇರಲಿ

ಅಮ್ಮ ಬೇಡವೆಂದದ್ದನ್ನು ತಾತ ಅಂಗಡಿಯಿಂದ ತಂದುಕೊಟ್ಟರೆ ಅಮ್ಮನ ಧೈರ್ಯ ಮಗುವಿನ ಎದುರೇ ಕುಸಿಯುತ್ತದೆ. ಅಜ್ಜ ಅಜ್ಜಿಯ ಪ್ರೀತಿಗೆ ಅಡ್ಡ ಬರಬೇಡಿ, ಕೊಡುವ ವಸ್ತು ಬದಲಾಗಲಿ. ಬಾಳೆಹಣ್ಣು, ಸೀಬೆ, ಕಾಲ ಬಂದಾಗ ಶ್ರೀನಿವಾಸಪುರದ ಮಾವು, ಕಡಲೆ ಪುಡಿಯ ಉಂಡೆ ಅವರ ಕೈಯಿಂದಲೇ ಸಿಗಲಿ. ಗಂಡನ ಪಾಲಿಗೆ ಒಂದು ಖಚಿತ ಕೆಲಸ ಇರಲಿ, ‘ಸ್ವಲ್ಪ ನೋಡ್ಕೋ’ ಎಂದು ಬಿಡಬೇಡಿ. ಬೆಂಗಳೂರಿನಿಂದ ರೈಲಿನಲ್ಲಿ ತಡವಾಗಿ ಬಂಗಾರಪೇಟೆ ತಲುಪುವವರಿಂದ ಸಂಜೆಯ ಊಟ ಆಗದು. ಬೆಳಗ್ಗೆ ಹಲ್ಲುಜ್ಜಿಸುವುದು ಆಗುತ್ತದೆ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೊಳವೆಬಾವಿ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚಿರುವುದರಿಂದ, ಕುಡಿಯಲು ಶುದ್ಧ ನೀರಿನ ಘಟಕದ ನೀರು ಬಳಸಿ, ಪೇಸ್ಟ್ ಬಗ್ಗೆ ದಂತವೈದ್ಯರನ್ನೂ ಕೇಳಿ.

ಗೋಡೆಯ ಕ್ಯಾಲೆಂಡರಿನಲ್ಲಿ ನಿಯಮ ಪಾಲಿಸಿದ ದಿನಕ್ಕೆ ಗುರುತು ಹಾಕಿ. ಗುರುತು ನಿಮ್ಮ ಕೆಲಸಕ್ಕೆ, ಮಗು ತಿಂದದ್ದಕ್ಕಲ್ಲ. ವಾರದಲ್ಲಿ ಐದು ದಿನ ಆದರೆ ಸಾಕು. ಜಾತ್ರೆ, ಜ್ವರ, ತವರುಮನೆ ಎಂದು ತಪ್ಪಿದರೆ ಮರುದಿನ ಅದೇ ಹಂತದಿಂದ ಮುಂದುವರಿಸಿ.

ಇಷ್ಟೆಲ್ಲ ಮಾಡುತ್ತಿರುವಾಗಲೂ ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ಮಾಡಿಸಿ, ತಾಯಿ ಕಾರ್ಡಿನ ಬೆಳವಣಿಗೆ ರೇಖೆ ನೋಡಿ. ರೇಖೆ ಮೇಲೇರುತ್ತಿದ್ದರೆ ಮಗು ತುತ್ತು ಕಡಿಮೆ ತಿಂದಿತೆಂಬ ಹೆದರಿಕೆ ಬೇಡ. ಸತತ ಎರಡು ತಿಂಗಳು ತೂಕ ಏರದಿದ್ದರೆ ಅಥವಾ ಇಳಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. ಹಾಗೆ ಹೋದಾಗ ನಿಮ್ಮ ನಿದ್ದೆ, ಮನಸ್ಸಿನ ವಿಚಾರವನ್ನೂ ಅವರಿಗೆ ಹೇಳಿ.